ಪದಚರ್ಚೆ: ಕ್ಯಾಸಲ್, ಮಚಿಕೊಲೇಷನ್ (ತುರ್ತು)

ವಿ.ಎಸ್.:
ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ವೇಲ್ಸ್‌ನ ಕಾನ್ವಿ ಕುರಿತ ಪ್ರವಾಸಿ ಕೈಪಿಡಿ. 1283ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಅಲ್ಲಿ ಕ್ಯಾಸಲ್ಲನ್ನೂ (ಅರಸ ಇಳಿದುಕೊಳ್ಳುವ ಕೋಟೆ) ಊರ ಸುತ್ತಣ ಗೋಡೆಯನ್ನೂ ಒಟ್ಟಿಗೇ ಶುರುಮಾಡಿಸಿದ. ನಮ್ಮಲ್ಲಿ ಎರಡೂ ಕೋಟೆಯೇ. ‘ಕೋಟೆ ಇಳಿದು ಕೋಟೆ ಹತ್ತಿ’ ಅಂತ ಬರೆಯಲೇ? ಇನ್ನೊಂದು: ಬಾಗಿಲ ನೆತ್ತಿಯಲ್ಲಿ ಮುಂಚಾಚಿದ ಕಲ್ಲುಗಳು, ನಡುವೆ ಕಂಡಿ, ಅದರಿಂದ ನುಗ್ಗುವವರ ತಲೆಗೆ ಕಲ್ಲು ಬೀಳಿಸುವುದು. ಮಚಿಕೊಲೇಷನ್. ಪದ?

ಕೆ.ಆರ್.:
ದುರ್ಗ. ಮುಗಿಯಿತು.

ಎಂ.:
ಮುಗಿಯಲಿಲ್ಲ. ದುರ್ಗ ಅಂದರೆ ಹೋಗಲು ಕಶ್ಟವಾದ ಜಾಗ. ಕಾನ್ವಿಯನ್ನು ಕಟ್ಟಿದ್ದೇ ಹೊಳೆದಡದಲ್ಲಿ, ಹಡಗು ಬಂದು ನಿಲ್ಲುವ ಕಡೆ. ಕನ್ನಡದ್ದೇ ಇರುವಾಗ ಸಕ್ಕದಕ್ಕೆ (ಸಂಸ್ಕೃತಕ್ಕೆ) ಯಾಕೆ ಕಯ್ ಚಾಚೋದು? ಗೋಡೆ ಊರ್ಕೋಟೆ, ಕ್ಯಾಸಲ್ ಅರಸುಗೋಟೆ, ಮಚಿಕೊಲೇಶನ್ ಕಲ್ಗಂಡಿ. ಕ್ಯಾಸಲ್ಲಿನ ಎಂಟು ಗೋಪುರಗಳಿಗೆ ಹುಡೆ ಅನ್ನಿ. ಬುರುಜು ಬೇಡ, ಅರಬ್ಬಿ.

ಕೆ.ಆರ್.:
ಹುಡೆ ಅಂದರೆ ಯಾರಿಗೆ ತಿಳಿಯುತ್ತೆ ಸ್ವಾಮಿ? ಬುರುಜು ಅರಬ್ಬಿಗೂ ಗ್ರೀಕಿನ ‘ಪಿರ್ಗೋಸ್’ನಿಂದ ಬಂದದ್ದು ಅಂತಾರೆ. ಬುರುಜಿಗೆ ಚಿತ್ರದುರ್ಗದವರು ಹೇಳುವ ‘ಬತೇರಿ’ ಯುರೋಪಿನದು. ಅದನ್ನೂ ಗಡೀಪಾರು ಮಾಡ್ತೀರಾ? ಕಲ್ಗಂಡಿ ಅಂದರೆ ಕಲ್ಲಿನಲ್ಲಿರುವ ಕಂಡಿ ಅಂತಾಗುತ್ತೆ, ಕಲ್ಲು ಬೀಳಿಸುವ ಕಂಡಿ ಅಂತಲ್ಲ.

ಎಸ್.ಪಿ.:
ಇಬ್ಬರೂ ಗೋಡೆಯನ್ನೇ ನೋಡ್ತಿದ್ದೀರಿ. ಕ್ಯಾಸಲ್ ಮೊದಲು ಮನೆ. ಕಾನ್ವಿಯ ಕಾವಲಿಗೆ 1284ರಲ್ಲಿ ಗೊತ್ತುಮಾಡಿದ್ದು ಮೂವತ್ತೇ ಆಳು, ಅದರಲ್ಲಿ ಹದಿನೈದು ಅಡ್ಡಬಿಲ್ಲಿನವರು. ಜೊತೆಗೆ ಪಾದ್ರಿ, ಬಡಗಿ, ಕಮ್ಮಾರ, ಕಲ್ಲುಕುಟಿಗ. ಹೊರ ಅಂಗಳದಲ್ಲಿ ದೊಡ್ಡ ಹಜಾರ, ಅಡುಗೆಮನೆ. ಒಳ ಅಂಗಳ ರಾಜನ ಬಿಡಾರ. ಊರಗೋಡೆಯಾದರೋ ಸುಮಾರು 1.3 ಕಿ.ಮೀ., 21 ಗೋಪುರ, ಮನೆ ಅನ್ನಿಸುವಂಥದ್ದು ಏನೂ ಇಲ್ಲ. ಹಾಗಾಗಿ ‘ಕೋಟೆಮನೆ’.

ಎಂ.:
ಕೋಟೆಮನೆ ಒಪ್ಪಿಗೆ. ಹಜಾರ ಅಲ್ಲ, ಪಡಸಾಲೆ.

ಕೆ.ಆರ್.:
ಪಡಸಾಲೆಯ ‘ಸಾಲೆ’ ಎಲ್ಲಿಂದ ಬಂತು? ಶಾಲೆಯಿಂದಲೇ ಅಲ್ಲವೇ?

ಎಂ.:
ತದ್ಬವ ನಮ್ಮದೇ.

ವಿ.ಎಸ್.:
ದಯವಿಟ್ಟು. 1665ರಲ್ಲಿ ಕ್ಯಾಸಲ್ಲಿನ ಮಾಲೀಕರೇ ಅದರ ಸೀಸ, ಕಬ್ಬಿಣ ಕಿತ್ತು ಮಾರಿಕೊಂಡರು. ಈಗ ಸೂರಿಲ್ಲ. ಸುರುಳಿ ಮೆಟ್ಟಿಲು ಹತ್ತಿ ಮೇಲೆ ಬಯಲಾದ ಗೋಪುರದಿಂದ ಪಕ್ಕದಲ್ಲೇ ಹಾಯುವ ರೈಲು ನೋಡಬಹುದು, ಅಷ್ಟೆ. ಇದನ್ನು ಮನೆ ಅಂದರೆ ಒಪ್ಪುತ್ತಾರೆಯೇ?

ಎಸ್.ಪಿ.:
ಸೂರು ಹೋದರೆ ಹಾಳು ಮನೆ. ಹಂಪಿಯಲ್ಲಿ ಬರೀ ಜಗುಲಿ ಉಳಿದದ್ದನ್ನೂ ರಾಜನ ಅರಮನೆ ಅಂತ ತೋರಿಸ್ತಾರಲ್ಲ.

ವಿ.ಎಸ್.:
ಕೋಟೆಮನೆ, ಊರಗೋಡೆ, ‘ಕಲ್ಲು ಬೀಳಿಸುವ ಕಂಡಿ’ ಹಾಕಿದೆ. ಗೋಪುರ ಗೋಪುರವೇ. ಬುರುಜು, ಹುಡೆ ಎರಡೂ ಇಲ್ಲ.

ಎಂ.:
ಗೋಪುರ ಸಕ್ಕದ.