ಹಿಮ್ಮಡಿ ನೋವು ಹೋಗಿ ಹೋಗಿ ವಾಪಸ್ ಬರ್ತಿದೆ, ಓಡೋರು ಯಾರಾದ್ರೂ ಹೇಳಿ

ಪ್ರಶ್ನೆ
ಮೈಸೂರಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡ್ತೀನಿ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಬಲಗಾಲಿನ ಹಿಮ್ಮಡಿ, ಒಳಮಗ್ಗುಲಲ್ಲಿ ನೋವು. ಬೆಳಗ್ಗೆ ಮಂಚ ಇಳಿದು ಮೊದಲ ಹೆಜ್ಜೆ ಇಟ್ರೆ ಮೊಳೆ ಚುಚ್ಚಿದಂಗೆ. ಬಚ್ಚಲಿಗೆ ಹೋಗಿ ಬರೋಷ್ಟರಲ್ಲಿ ಅರ್ಧ ಕಮ್ಮಿ. ಡಾಕ್ಟರು ಪ್ಲಾಂಟರ್ ಫಾಸೈಟಿಸ್ (ಪಾದದಡಿಯ ಗಟ್ಟಿ ಪಟ್ಟಿಯ ನೋವು), ರೆಸ್ಟ್ ಮಾಡಿ ಅಂದ್ರು. ಮಾಡಿದೆ, ಹೋಯ್ತು. ಓಡಿದೆ, ಬಂತು. ಹೋದ ವರ್ಷದಿಂದ ಇದೇ ರಾಮಾಯಣ. ಅಮ್ಮ ಬಿಸಿ ಇಟ್ಟಿಗೆ ಮೇಲೆ ಎಕ್ಕದ ಎಲೆ ಹಾಕಿ ಕಾಲಿಡು ಅಂತಾರೆ. ಹಿತವಾಗುತ್ತೆ, ಆದರೆ ಮಾರನೇ ಬೆಳಗ್ಗೆ ಮತ್ತದೇ.

ಉತ್ತರ
ಶೂ ಸವೆದಿದೆಯಾ ನೋಡಿ ಮೇಡಂ. ನೀರಿನ ಬಾಟಲಿ ಫ್ರೀಜರ್‌ನಲ್ಲಿಟ್ಟು ಪಾದದಡಿ ಉರುಳಿಸಿ.

ಉತ್ತರ
ಬಾಟಲಿಯಿಂದ ಆ ಹೊತ್ತಿಗೆ ಆರಾಮ, ಅಷ್ಟೇ. ನಾನೂ ಇದನ್ನ ಅನುಭವಿಸಿದವನು. ರೆಸ್ಟ್ ತಗೊಂಡ್ರೆ ನೋವು ಇಳಿಯುತ್ತೆ, ಆದರೆ ಹಿಮ್ಮಡಿಯಿಂದ ಬೆರಳಿನ ಬುಡದವರೆಗಿರೋ ಆ ಪಟ್ಟಿಗೆ ಬಲ ಬರಲ್ಲ. ಓಟದ ಭಾರ ಬಿದ್ದ ತಕ್ಷಣ ಮತ್ತೆ ಶುರು.

ಟವಲ್ ಸುರುಳಿ ಸುತ್ತಿ ಮೆಟ್ಟಿಲ ಅಂಚಲ್ಲಿ ಇಡಿ. ಬೆರಳುಗಳು ಅದರ ಮೇಲೆ ಮೇಲ್ಮುಖವಾಗಿ ಬಾಗಿ ನಿಲ್ಲಬೇಕು, ಹಿಮ್ಮಡಿ ಹೊರಗೆ. ಒಂಟಿ ಕಾಲಲ್ಲಿ 3 ಸೆಕೆಂಡ್ ಏರಿ, 2 ಸೆಕೆಂಡ್ ನಿಂತು, 3 ಸೆಕೆಂಡ್ ಇಳಿಯಿರಿ. 12 ಸಲದ 3 ಸೆಟ್, ದಿನ ಬಿಟ್ಟು ದಿನ. ಸಲೀಸಾದ ಮೇಲೆ ಬ್ಯಾಗಿಗೆ ಪುಸ್ತಕ ತುಂಬಿ ಬೆನ್ನಿಗೆ ಹಾಕ್ಕೊಳ್ಳಿ. ಡೆನ್ಮಾರ್ಕಿನಲ್ಲಿ ಇದನ್ನ ಬರೀ ಸ್ಟ್ರೆಚಿಂಗ್ ಜೊತೆ ಹೋಲಿಸಿ ನೋಡಿದಾಗ 3 ತಿಂಗಳಿಗೆ ಇದೇ ಮೇಲಾಗಿತ್ತು. ವರ್ಷದ ಹೊತ್ತಿಗೆ ಎರಡೂ ಸಮ. ಅಂದರೆ ಮಂತ್ರ ಏನಲ್ಲ, ಬೇಗ ಓಟಕ್ಕೆ ಮರಳೋ ದಾರಿ. ಮನೇಲಿ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡಿ. ಅಡುಗೆಮನೆಗೂ ಚಪ್ಪಲಿಯಾ ಅಂತ ಅಮ್ಮ ಬೈತಾರೆ, ಬೈಸ್ಕೊಳ್ಳಿ.

ಪ್ರಶ್ನೆ ಕೇಳಿದವರು
ಸರ್, ಓಟ ಪೂರ್ತಿ ಬಿಡಬೇಕಾ? ಬೆಟ್ಟ?

ಉತ್ತರ
ಓಡಿದ ಮಾರನೇ ಬೆಳಗ್ಗೆಯ ಮೊದಲ ಹೆಜ್ಜೆ ನೋಡ್ಕೊಳ್ಳಿ. ನೋವು ಹೆಚ್ಚದಿದ್ರೆ ಅಷ್ಟು ದೂರ ಓಡಬಹುದು, ಹೆಚ್ಚಿದ್ರೆ ಮುಂದಿನ ಸಲ ಕಮ್ಮಿ ಮಾಡಿ. ಬೆಟ್ಟ ಸದ್ಯಕ್ಕೆ ಬೇಡ, ಮೆಟ್ಟಿಲು ಹತ್ತುವಾಗ ಮೀನಖಂಡ ಬಿಗಿಯಾಗಿ ಹಿಮ್ಮಡಿ ಎಳೆಯುತ್ತೆ.

ಉತ್ತರ
ಒಂದು ಮಾತು ಸೇರಿಸ್ತೀನಿ. ಹಿಮ್ಮಡಿಯನ್ನ ಎರಡೂ ಪಕ್ಕದಿಂದ ಅಂಗೈಯಲ್ಲಿ ಒತ್ತಿ ನೋಡಿ. ಜೋರು ನೋವಾದ್ರೆ, ಇಲ್ಲ ರಾತ್ರಿ ಮಲಗಿದಾಗಲೂ ನೋಯ್ತಿದ್ರೆ, ಮೂಳೆಯಲ್ಲಿ ಸಣ್ಣ ಬಿರುಕಿರಬಹುದು. ಶುರುವಿನಲ್ಲಿ ಎಕ್ಸ್‌ರೇಲಿ ಕಾಣದೇ ಇರಬಹುದು, ಎಂಆರ್‌ಐ ಬೇಕಾಗುತ್ತೆ. ಅದಾಗಿದ್ರೆ ಮೇಲಿನ ಟವಲ್ ವ್ಯಾಯಾಮ ಮುಟ್ಟಲೇಬೇಡಿ.