ಕಿತ್ತುಹಾಕಿದ ಸಾಧನಗಳ ಹಳೆಯ ದಾಖಲೆಗಳನ್ನು ವಿಂಡೋಸ್‌ನಿಂದ ತೆಗೆಯುವ ಬಗೆ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ, ಬ್ಯಾಡಗಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ಚೀಲದ ತೂಕ ನೇರವಾಗಿ ಬಿಲ್ಲಿಗೆ ಬರಲೆಂದು ತೂಕದ ಯಂತ್ರವನ್ನು ಯುಎಸ್‌ಬಿ-ಸೀರಿಯಲ್ ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿದ್ದೇವೆ. ಮೊದಲು ಅದು ಕಾಮ್ 3 (ಸೀರಿಯಲ್ ಸಾಧನಕ್ಕೆ ವಿಂಡೋಸ್ ಕೊಡುವ ಸಂಖ್ಯೆ) ಎಂಬ ಪೋರ್ಟಿನಲ್ಲಿ ಕೆಲಸ ಮಾಡುತ್ತಿತ್ತು. ಕಂಪ್ಯೂಟರನ್ನು ಸರಿಸಿ ಕೇಬಲ್ ಅನ್ನು ಬೇರೆ ಬೇರೆ ಕಡೆ ಚುಚ್ಚುತ್ತ ಬಂದ ಮೇಲೆ ಈಗ ಅದು ಕಾಮ್ 11 ಎಂದು ತೋರಿಸುತ್ತಿದೆ. ನಮ್ಮ ಹಳೆಯ ಬಿಲ್ಲಿಂಗ್ ತಂತ್ರಾಂಶದಲ್ಲಿ ಕಾಮ್ 8ರವರೆಗೆ ಮಾತ್ರ ಆಯ್ಕೆ ಇದೆ. ಪ್ರಿಂಟರ್ ಕೂಡ ಒಂದೇ ಇದ್ದರೂ ಪಟ್ಟಿಯಲ್ಲಿ ಎರಡು ಕಾಣುತ್ತಿವೆ. ಈಗ ಇಲ್ಲದ ಸಾಧನಗಳ ಹೆಸರುಗಳನ್ನು ತೆಗೆದುಹಾಕಿದರೆ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. ಹಾಗೆ ಮಾಡುವುದು ಹೇಗೆ, ಅದರಿಂದ ಅಪಾಯವೇನಾದರೂ ಇದೆಯೇ? ನಮ್ಮಲ್ಲಿರುವುದು ವಿಂಡೋಸ್ 10.

ಹುಬ್ಬಳ್ಳಿಯಿಂದ, ಕಂಪ್ಯೂಟರ್ ದುರಸ್ತಿ ಮಾಡುವವರು

ನಮಸ್ಕಾರ. ತಮ್ಮ ತೊಂದರೆಯ ಮೂಲವನ್ನು ಮೊದಲು ಹೇಳುತ್ತೇನೆ. ಮೂಲ ತಿಳಿಯದೆ ಹೆಸರುಗಳನ್ನಷ್ಟೇ ಅಳಿಸಿದರೆ ಮುಂದಿನ ಸುಗ್ಗಿಯ ಹೊತ್ತಿಗೆ ಅವು ಮತ್ತೆ ಬಂದು ಸೇರಿರುತ್ತವೆ.

ಒಮ್ಮೆ ಜೋಡಿಸಿದ ಪ್ರತಿಯೊಂದು ಸಾಧನದ ವಿವರವನ್ನೂ ವಿಂಡೋಸ್ ತನ್ನ ಹೊಂದಿಕೆಗಳ ದಾಖಲೆ ಪುಸ್ತಕವಾದ ರಿಜಿಸ್ಟ್ರಿಯ ಎನಮ್ ಎಂಬ ಭಾಗದಲ್ಲಿ ಬರೆದಿಡುತ್ತದೆ. ಸಾಧನವನ್ನು ಕಿತ್ತರೂ ಆ ದಾಖಲೆ ಉಳಿಯುತ್ತದೆ. ಅದೇ ಸಾಧನ ಮತ್ತೆ ಬಂದಾಗ ಅದರ ಹಳೆಯ ಹೊಂದಿಕೆಗಳನ್ನೇ ಮರಳಿ ಕೊಡುವುದು ಇದರ ಉದ್ದೇಶ. ತೊಡಕು ಶುರುವಾಗುವುದು ಸಾಧನದ ಗುರುತಿನಲ್ಲಿ. ಒಳ್ಳೆಯ ಯುಎಸ್‌ಬಿ ಸಾಧನಗಳ ಚಿಪ್ಪಿನೊಳಗೆ ಅದಕ್ಕೇ ಮೀಸಲಾದ ಒಂದು ಸೀರಿಯಲ್ ಸಂಖ್ಯೆ ಇರುತ್ತದೆ. ಅಂಥದ್ದನ್ನು ಯಾವ ಸಾಕೆಟ್ಟಿಗೆ ಚುಚ್ಚಿದರೂ ವಿಂಡೋಸ್ ಗುರುತು ಹಿಡಿಯುತ್ತದೆ. ಅಗ್ಗದ ಸೀರಿಯಲ್ ಕೇಬಲ್‌ಗಳಲ್ಲಿ ಹೆಚ್ಚಾಗಿ ಬರುವ ಸಿಎಚ್340, ಪಿಎಲ್2303 ಬಗೆಯ ಚಿಪ್ಪುಗಳಲ್ಲಿ ಸಾಮಾನ್ಯವಾಗಿ ಈ ಸಂಖ್ಯೆ ಇರುವುದಿಲ್ಲ. ಆಗ ವಿಂಡೋಸ್ ಯಾವ ಸಾಕೆಟ್ಟಿನಲ್ಲಿ ಚುಚ್ಚಿದ್ದಾರೆ ಎಂಬುದನ್ನೇ ಗುರುತಾಗಿ ಹಿಡಿಯುತ್ತದೆ. ತಮ್ಮ ಅಂಗಡಿಯ ಖಾತೆ ಪುಸ್ತಕದಲ್ಲಿ ಒಬ್ಬನೇ ರೈತನ ಹೆಸರನ್ನು ಆತ ಬಂದ ಬಾಗಿಲಿಗೆ ತಕ್ಕಂತೆ ಬೇರೆ ಬೇರೆ ಪುಟದಲ್ಲಿ ಬರೆದರೆ ಹೇಗೋ ಹಾಗೆ ಒಂದೇ ಕೇಬಲ್ಲಿಗೆ ಹಲವು ದಾಖಲೆಗಳು ಹುಟ್ಟುತ್ತವೆ, ಪ್ರತಿಯೊಂದೂ ಒಂದೊಂದು ಕಾಮ್ ಸಂಖ್ಯೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಬ್ಲೂಟೂತ್ ಮೂಲಕ ಜೋಡಿಸಿದ ಫೋನುಗಳೂ ಕೆಲವೊಮ್ಮೆ ಎರಡೆರಡು ಕಾಮ್ ಸಂಖ್ಯೆಗಳನ್ನು ಆಕ್ರಮಿಸಿಕೊಂಡಿರುತ್ತವೆ ಎಂಬುದನ್ನೂ ಗಮನಿಸಿ.

ಈಗ ತೆಗೆಯುವ ಕ್ರಮ. ಮೊದಲು ಒಂದು ರೀಸ್ಟೋರ್ ಪಾಯಿಂಟ್ (ತೊಂದರೆಯಾದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವ ಗುರುತು) ಮಾಡಿಕೊಳ್ಳಿ. ತೂಕದ ಯಂತ್ರದ ಕೇಬಲ್, ಪ್ರಿಂಟರ್, ಸ್ಕ್ಯಾನರ್ ಹೀಗೆ ದಿನವೂ ಬಳಸುವ ಎಲ್ಲವನ್ನೂ ಜೋಡಿಸಿ, ಚಾಲೂ ಮಾಡಿಟ್ಟುಕೊಳ್ಳಿ. ಬಂದ್ ಮಾಡಿಟ್ಟ ಸಾಧನವೂ ಇಲ್ಲದ ಸಾಧನದಂತೆಯೇ ಕಾಣುವುದರಿಂದ ಇದು ಮುಖ್ಯ. ಬಳಿಕ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ, ವ್ಯೂ ಪಟ್ಟಿಯಲ್ಲಿ ಶೋ ಹಿಡನ್ ಡಿವೈಸಸ್ ಆರಿಸಿ. ಪೋರ್ಟ್ಸ್ ಎಂಬ ವಿಭಾಗವನ್ನು ಬಿಡಿಸಿದರೆ ಕೆಲವು ಹೆಸರುಗಳ ಮುಂದಿನ ಚಿತ್ರ ಮಸುಕಾಗಿ ಕಾಣುತ್ತದೆ. ಮಸುಕಾದವೇ ಈಗ ಜೋಡಣೆಯಲ್ಲಿಲ್ಲದವು. ಅನುಮಾನವಿದ್ದರೆ ಅದರ ಪ್ರಾಪರ್ಟೀಸ್ ತೆರೆದು ನೋಡಿ. ಸಾಧನ ಸದ್ಯ ಜೋಡಣೆಯಲ್ಲಿಲ್ಲ ಎಂಬ ಮಾತಿನ ಜೊತೆಗೆ ಕೋಡ್ 45 ಎಂದು ಬರೆದಿರುತ್ತದೆ. ಅಂಥದ್ದರ ಮೇಲೆ ಬಲಗುಂಡಿ ಒತ್ತಿ ಅನ್‌ಇನ್‌ಸ್ಟಾಲ್ ಡಿವೈಸ್ ಆರಿಸಿ. ಡ್ರೈವರನ್ನೂ (ಸಾಧನವನ್ನು ನಡೆಸುವ ತಂತ್ರಾಂಶವನ್ನೂ) ಅಳಿಸಬೇಕೇ ಎಂದು ಕೇಳುವ ಚೌಕವೊಂದು ಕಂಡರೆ ಅದರಲ್ಲಿ ಗುರುತು ಹಾಕಬೇಡಿ, ಏಕೆಂದರೆ ಈಗ ಕೆಲಸ ಮಾಡುತ್ತಿರುವ ಕೇಬಲ್ ಬಳಸುವುದೂ ಅದೇ ಡ್ರೈವರನ್ನು.

ಪೋರ್ಟುಗಳ ವಿಭಾಗವೊಂದನ್ನು ಸ್ವಚ್ಛಗೊಳಿಸಿದರೆ ತಮ್ಮ ಕೆಲಸಕ್ಕೆ ಸಾಕು. ಆ ಪಟ್ಟಿಯಲ್ಲಿ ಮುಂದೆ ಸ್ಟೋರೇಜ್ ವಾಲ್ಯೂಮ್ಸ್, ಸಾಫ್ಟ್‌ವೇರ್ ಡಿವೈಸಸ್ ಮುಂತಾದ ವಿಭಾಗಗಳಲ್ಲಿಯೂ ಹತ್ತಾರು ಮಸುಕಾದ ಹೆಸರುಗಳು ಕಾಣುತ್ತವೆ. ಅವುಗಳಿಂದ ಯಾರಿಗೂ ಹಾನಿಯಿಲ್ಲ, ತೆಗೆದರೆ ಕಂಪ್ಯೂಟರ್ ವೇಗವಾಗುವುದೂ ಇಲ್ಲ. ದುರಸ್ತಿಗೆ ಬರುವ ಯಂತ್ರಗಳಲ್ಲಿ ಎಲ್ಲವನ್ನೂ ಗುಡಿಸಿಹಾಕುವ ಉತ್ಸಾಹದಿಂದ ಹುಟ್ಟಿದ ತೊಂದರೆಗಳನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಗದಗದಿಂದ, ಮುದ್ರಣಾಲಯ ನಡೆಸುವವರು

ಪ್ರಿಂಟರಿನ ವಿಷಯದಲ್ಲಿ ನಾನು ಸ್ವಲ್ಪ ಬೇರೆ ದಾರಿ ಸೂಚಿಸುತ್ತೇನೆ. ಪಟ್ಟಿಯಲ್ಲಿ ಕಾಪಿ 1 ಎಂದು ಸೇರಿಕೊಂಡಿರುವ ಎರಡನೆಯ ಹೆಸರು ಹುಟ್ಟುವುದೂ ಸಾಕೆಟ್ ಬದಲಾವಣೆಯಿಂದಲೇ. ಹೆಚ್ಚಿನವರು ಹೊಸ ಹೆಸರು ಕೆಲಸ ಮಾಡುತ್ತಿದೆಯೆಂದು ಹಳೆಯದನ್ನು ಅಳಿಸುತ್ತಾರೆ. ಆದರೆ ಕಾಗದದ ಅಳತೆ, ಟ್ರೇ, ಬಣ್ಣದ ಹೊಂದಿಕೆ ಎಲ್ಲವನ್ನೂ ನಾವು ಕೂಡಿಸಿಟ್ಟಿರುವುದು ಹಳೆಯ ಹೆಸರಿನಲ್ಲಿ. ಬಿಲ್ಲಿಂಗ್ ತಂತ್ರಾಂಶಗಳು ನೆನಪಿಟ್ಟುಕೊಂಡಿರುವುದೂ ಅದೇ ಹೆಸರನ್ನು.

ಆದ್ದರಿಂದ ಮೊದಲು ಹೊಸ ಹೆಸರಿನ ಪ್ರಿಂಟರ್ ಪ್ರಾಪರ್ಟೀಸ್ ತೆರೆದು, ಪೋರ್ಟ್ಸ್ ಪುಟದಲ್ಲಿ ಯಾವುದಕ್ಕೆ ಗುರುತಿದೆ ಎಂದು ನೋಡಿಕೊಳ್ಳಿ. ಅದು ಯುಎಸ್‌ಬಿ002 ಎಂದಿದ್ದರೆ, ಹಳೆಯ ಹೆಸರಿನ ಪೋರ್ಟ್ಸ್ ಪುಟಕ್ಕೆ ಹೋಗಿ ಗುರುತನ್ನು ಯುಎಸ್‌ಬಿ001ರಿಂದ ಯುಎಸ್‌ಬಿ002ಕ್ಕೆ ಬದಲಾಯಿಸಿ. ಒಂದು ಪರೀಕ್ಷಾ ಪುಟ ಮುದ್ರಿಸಿ ನೋಡಿ. ಸರಿಯಾಗಿ ಬಂದ ಮೇಲೆ ಕಾಪಿ 1 ಅನ್ನು ಪ್ರಿಂಟರುಗಳ ಪಟ್ಟಿಯಿಂದ ತೆಗೆದುಹಾಕಿ. ಅದಾದ ನಂತರವೂ ಡಿವೈಸ್ ಮ್ಯಾನೇಜರಿನ ಪ್ರಿಂಟ್ ಕ್ಯೂಸ್ ವಿಭಾಗದಲ್ಲಿ ಮಸುಕಾದ ಹೆಸರು ಉಳಿದಿದ್ದರೆ ಮಾತ್ರ ಅಲ್ಲಿಂದ ಅಳಿಸಿ. ಗದಗ-ಬೆಟಗೇರಿಯಲ್ಲಿ ಮುದ್ರಣದ ಕೆಲಸ ಹೆಚ್ಚು. ಒಂದೇ ಕಂಪ್ಯೂಟರಿಗೆ ಎರಡು ಮೂರು ಪ್ರಿಂಟರುಗಳಿರುವ ನಮ್ಮಂಥವರಿಗೆ ಈ ಕ್ರಮದಿಂದ ಹೊಂದಿಕೆಗಳನ್ನೆಲ್ಲ ಮತ್ತೊಮ್ಮೆ ಕೂಡಿಸುವ ಶ್ರಮ ಉಳಿಯುತ್ತದೆ.

ಧಾರವಾಡದಿಂದ, ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯ ನೋಡಿಕೊಳ್ಳುವವರು

ಕೇಳಿದವರ ಸಮಸ್ಯೆಗೆ ಉತ್ತರ ಮೇಲೆ ಬಂದಿದೆ. ಇದೇ ಕಾರಣದಿಂದ ನೆಟ್‌ವರ್ಕಿನಲ್ಲಿ ಆಗುವ ತೊಡಕನ್ನು ನಾನು ಸೇರಿಸುತ್ತೇನೆ, ಏಕೆಂದರೆ ಇದು ಕಣ್ಣಿಗೆ ಬೇಗ ಬೀಳುವುದಿಲ್ಲ. ನಮ್ಮ ಪ್ರಯೋಗಾಲಯದ ಯಂತ್ರಗಳಿಗೆ ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆಯನ್ನು) ಕೈಯಿಂದ ಕೊಟ್ಟಿರುತ್ತೇವೆ. ಸುಟ್ಟುಹೋದ ನೆಟ್‌ವರ್ಕ್ ಕಾರ್ಡನ್ನು ಬದಲಾಯಿಸಿ ಹೊಸದಕ್ಕೆ ಅದೇ ವಿಳಾಸ ಕೊಡಲು ಹೋದರೆ, ಈ ವಿಳಾಸವನ್ನು ಈಗಾಗಲೇ ಮತ್ತೊಂದು ಅಡಾಪ್ಟರಿಗೆ ಕೊಡಲಾಗಿದೆ, ಆ ಅಡಾಪ್ಟರ್ ಈಗ ಕಂಪ್ಯೂಟರಿನಲ್ಲಿ ಇಲ್ಲ ಎಂಬ ಸಂದೇಶ ಬರುತ್ತದೆ. ಹೊಸ ಕಾರ್ಡಿಗೆ ಈಥರ್ನೆಟ್ 2 ಎಂಬ ಹೆಸರು ಬರುವುದಕ್ಕೂ ಇದೇ ಕಾರಣ, ಏಕೆಂದರೆ ಈಥರ್ನೆಟ್ ಎಂಬ ಹೆಸರನ್ನು ಹಳೆಯ ದಾಖಲೆ ಬಿಟ್ಟುಕೊಟ್ಟಿರುವುದಿಲ್ಲ. ನೆಟ್‌ವರ್ಕ್ ಅಡಾಪ್ಟರ್ಸ್ ವಿಭಾಗದಲ್ಲಿ ಮಸುಕಾದ ಹಳೆಯ ಕಾರ್ಡನ್ನು ತೆಗೆದರೆ ಆ ವಿಳಾಸವೂ ಹೆಸರೂ ಬಿಡುಗಡೆಯಾಗುತ್ತವೆ, ಬಳಿಕ ಅವನ್ನು ಹೊಸ ಕಾರ್ಡಿಗೆ ಕೊಡಬಹುದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅಡಗಿಸಿಟ್ಟ ಸಾಧನಗಳನ್ನು ತೋರಿಸು ಎಂದ ಕೂಡಲೇ ಅದೇ ವಿಭಾಗದಲ್ಲಿ ವ್ಯಾನ್ ಮಿನಿಪೋರ್ಟ್ ಎಂಬ ಹೆಸರಿನ ಹಲವು ಸಾಲುಗಳು ಕಾಣಿಸಿಕೊಳ್ಳುತ್ತವೆ. ಅವು ಅಡಗಿದ್ದವೇ ಹೊರತು ಇಲ್ಲದವಲ್ಲ. ವಿಪಿಎನ್ ಮೊದಲಾದ ಸಂಪರ್ಕಗಳಿಗೆ ವಿಂಡೋಸ್ ತಾನೇ ಬಳಸುವಂಥವು. ಅವುಗಳ ಚಿತ್ರ ಮಸುಕಾಗಿರುವುದಿಲ್ಲ. ಅಡಗಿರುವುದು ಬೇರೆ, ಬೇರ್ಪಟ್ಟಿರುವುದು ಬೇರೆ ಎಂಬ ವ್ಯತ್ಯಾಸವನ್ನು ನಮ್ಮ ವಿದ್ಯಾರ್ಥಿಗಳಿಗೆ ನಾನು ಮೊದಲ ದಿನವೇ ತೋರಿಸಿಕೊಡುತ್ತೇನೆ.

ಯಂತ್ರಗಳು ಹೆಚ್ಚಿದ್ದರೆ ಒಂದೊಂದನ್ನೇ ಮೌಸಿನಿಂದ ಅಳಿಸುವುದು ಬೇಸರದ ಕೆಲಸ. ವಿಂಡೋಸ್‌ನೊಳಗೇ ಇರುವ ಪಿಎನ್‌ಪಿಯುಟಿಲ್ ಎಂಬ ಆದೇಶವನ್ನು ಕಮಾಂಡ್ ಪ್ರಾಂಪ್ಟಿನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಬಳಸಿದರೆ, ಎನಮ್-ಡಿವೈಸಸ್ ಮತ್ತು ಡಿಸ್‌ಕನೆಕ್ಟೆಡ್ ಎಂಬ ಆಯ್ಕೆಗಳಿಂದ ಜೋಡಣೆಯಲ್ಲಿಲ್ಲದ ಸಾಧನಗಳ ಪಟ್ಟಿ ಸಿಗುತ್ತದೆ. ಆ ಪಟ್ಟಿಯನ್ನು ಒಂದು ಕಡತದಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು. ವಿಂಡೋಸ್ 10ರ 2004 ಎಂಬ ಸಂಖ್ಯೆಯ ಆವೃತ್ತಿಯಿಂದ (ಇದು ಇಸವಿಯಲ್ಲ) ರಿಮೂವ್-ಡಿವೈಸ್ ಎಂಬ ಆಯ್ಕೆಯೂ ಇದೆ. ಪಟ್ಟಿಯಲ್ಲಿ ಕಾಣುವ ಇನ್‌ಸ್ಟನ್ಸ್ ಐಡಿಯನ್ನು (ಸಾಧನದ ಗುರುತನ್ನು) ಅದರ ಮುಂದೆ ಉದ್ಧರಣ ಚಿಹ್ನೆಗಳೊಳಗೆ ಬರೆಯಬೇಕು.

ಹಳೆಯ ವಿಂಡೋಸ್ 7 ಯಂತ್ರ ಯಾರ ಬಳಿಯಾದರೂ ಇದ್ದರೆ, ಅಲ್ಲಿ ಶೋ ಹಿಡನ್ ಡಿವೈಸಸ್ ಒಂದರಿಂದಲೇ ಬೇರ್ಪಟ್ಟ ಸಾಧನಗಳು ಕಾಣುವುದಿಲ್ಲ. ಸಿಸ್ಟಂ ಪ್ರಾಪರ್ಟೀಸ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್ಸ್‌ನಲ್ಲಿ ಡೆವ್‌ಎಂಜಿಆರ್, ಶೋ, ನಾನ್‌ಪ್ರೆಸೆಂಟ್, ಡಿವೈಸಸ್ ಎಂಬ ನಾಲ್ಕು ಪದಗಳನ್ನು ಅಂಡರ್‌ಸ್ಕೋರ್‌ನಿಂದ ಜೋಡಿಸಿದ ಹೆಸರಿನ ಚರವೊಂದನ್ನು ಮಾಡಿ, ಅದಕ್ಕೆ 1 ಎಂಬ ಬೆಲೆ ಕೊಟ್ಟು, ಡಿವೈಸ್ ಮ್ಯಾನೇಜರನ್ನು ಹೊಸದಾಗಿ ತೆರೆಯಬೇಕು.

ರಾಣೇಬೆನ್ನೂರಿನಿಂದ, ತೆರಿಗೆ ಲೆಕ್ಕಪತ್ರ ಮಾಡುವವರು

ಒಂದೇ ಮಾತು. ಡಿಜಿಟಲ್ ಸಹಿಯ ಟೋಕನ್ನನ್ನು ನಾವು ಬೇಕಾದಾಗ ಮಾತ್ರ ಚುಚ್ಚಿ, ಕೆಲಸ ಮುಗಿದ ಮೇಲೆ ಬೀರುವಿನಲ್ಲಿ ಇಡುತ್ತೇವೆ. ಹಾಗಾಗಿ ಸ್ಮಾರ್ಟ್ ಕಾರ್ಡ್ ರೀಡರ್ಸ್ ವಿಭಾಗದಲ್ಲಿ ಅದು ಸದಾ ಮಸುಕಾಗಿಯೇ ಕಾಣುತ್ತದೆ. ದಾಖಲೆ ಅಳಿಸಿದರೂ ಟೋಕನ್ನಿನೊಳಗಿನ ಸಹಿ ಹಾಳಾಗುವುದಿಲ್ಲ, ಮತ್ತೆ ಚುಚ್ಚಿದಾಗ ವಿಂಡೋಸ್ ಹೊಸದಾಗಿ ಗುರುತಿಸುತ್ತದೆ. ಆದರೆ ಡ್ರೈವರನ್ನೂ ಅಳಿಸಿಬಿಟ್ಟರೆ ತೆರಿಗೆ ರಿಟರ್ನ್ ಸಲ್ಲಿಸುವ ಕೊನೆಯ ದಿನ ಅದನ್ನು ಹುಡುಕುತ್ತ ಕುಳಿತುಕೊಳ್ಳಬೇಕಾಗುತ್ತದೆ. ಮಸುಕಾದದ್ದೆಲ್ಲ ಬೇಡವಾದದ್ದಲ್ಲ.

ಬ್ಯಾಡಗಿಯಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಗದಗಿನವರು ಹೇಳಿದಂತೆ ಪ್ರಿಂಟರ್ ಸರಿಹೋಯಿತು. ಪೋರ್ಟುಗಳ ವಿಭಾಗದಲ್ಲಿ ಮಸುಕಾಗಿದ್ದ ಹಳೆಯ ಕೇಬಲ್ ದಾಖಲೆಗಳನ್ನೂ ತೆಗೆದೆ. ಆದರೆ ಈಗಿನ ಕೇಬಲ್ ಇನ್ನೂ ಕಾಮ್ 11 ಎಂದೇ ತೋರಿಸುತ್ತಿದೆ. ಮುಂದೇನು ಮಾಡಬೇಕು? ಇದಕ್ಕಾಗಿ ರಿಜಿಸ್ಟ್ರಿಯಲ್ಲಿ ಕೈಹಾಕಬೇಕಾಗುತ್ತದೆಯೇ, ಅಥವಾ ಬೇರೆ ತಂತ್ರಾಂಶ ಬೇಕೇ?

ಹುಬ್ಬಳ್ಳಿಯಿಂದ, ಕಂಪ್ಯೂಟರ್ ದುರಸ್ತಿ ಮಾಡುವವರು

ಎರಡೂ ಬೇಕಿಲ್ಲ. ಹಳೆಯ ದಾಖಲೆಗಳನ್ನು ತೆಗೆದಾಗ ಸಂಖ್ಯೆಗಳು ಖಾಲಿಯಾಗುತ್ತವೆಯೇ ಹೊರತು ಈಗಿರುವ ಕೇಬಲ್ ತಾನಾಗಿ ಕೆಳಗಿನ ಸಂಖ್ಯೆಗೆ ಇಳಿಯುವುದಿಲ್ಲ. ಅದಕ್ಕೆ ಕೊಟ್ಟ 11 ಅದರ ದಾಖಲೆಯಲ್ಲೇ ಬರೆದಿದೆ. ಬಿಲ್ಲಿಂಗ್ ತಂತ್ರಾಂಶವನ್ನು ಮುಚ್ಚಿ, ಡಿವೈಸ್ ಮ್ಯಾನೇಜರಿನಲ್ಲಿ ಈಗಿನ ಕೇಬಲ್ಲಿನ ಪ್ರಾಪರ್ಟೀಸ್ ತೆರೆಯಿರಿ. ಪೋರ್ಟ್ ಸೆಟ್ಟಿಂಗ್ಸ್ ಪುಟದ ಅಡ್ವಾನ್ಸ್‌ಡ್ ಗುಂಡಿ ಒತ್ತಿದರೆ ಕೆಳಗೆ ಕಾಮ್ ಪೋರ್ಟ್ ನಂಬರ್ ಎಂಬ ಪಟ್ಟಿ ಸಿಗುತ್ತದೆ. ಅದರಲ್ಲಿ 1ರಿಂದ 256ರವರೆಗೆ ಸಂಖ್ಯೆಗಳಿರುತ್ತವೆ. ಅಲ್ಲಿ ಕಾಮ್ 3 ಆರಿಸಿ. ಆ ಸಂಖ್ಯೆಯ ಪಕ್ಕದಲ್ಲಿ ಇನ್ ಯೂಸ್ ಎಂದು ಬರೆದಿದ್ದರೆ ಗಾಬರಿಯಾಗಬೇಡಿ. ಯಾವ ಸಂಖ್ಯೆ ಹಂಚಿಕೆಯಾಗಿದೆ ಎಂಬ ಲೆಕ್ಕವನ್ನು ವಿಂಡೋಸ್ ಸಾಧನಗಳ ದಾಖಲೆಯಿಂದ ಪ್ರತ್ಯೇಕವಾಗಿ ಇಟ್ಟಿರುತ್ತದೆ, ಆ ಲೆಕ್ಕ ಕೆಲವೊಮ್ಮೆ ಹಿಂದೆ ಉಳಿಯುತ್ತದೆ. ಪೋರ್ಟುಗಳ ವಿಭಾಗದಲ್ಲಿ ಮಸುಕಾಗದೆ ಇರುವ ಬೇರೆ ಯಾವ ಸಾಧನವೂ ಕಾಮ್ 3 ಬಳಸುತ್ತಿಲ್ಲ ಎಂಬುದನ್ನು ನೋಡಿಕೊಂಡು, ಎಚ್ಚರಿಕೆಯ ಸಂದೇಶಕ್ಕೆ ಯೆಸ್ ಎನ್ನಿ. ಕಾಮ್ 1 ಅನ್ನು ಮಾತ್ರ ಮುಟ್ಟದಿರುವುದು ಮೇಲು, ಏಕೆಂದರೆ ಮದರ್‌ಬೋರ್ಡಿನಲ್ಲೇ ಸೀರಿಯಲ್ ಪೋರ್ಟ್ ಇದ್ದರೆ ಸಾಮಾನ್ಯವಾಗಿ ಆ ಸಂಖ್ಯೆ ಅದರದ್ದಾಗಿರುತ್ತದೆ. ಬಳಿಕ ಕೇಬಲ್ ಕಿತ್ತು ಅದೇ ಸಾಕೆಟ್ಟಿಗೆ ಮರಳಿ ಚುಚ್ಚಿ, ತಂತ್ರಾಂಶ ತೆರೆದು ತೂಕ ಬರುತ್ತದೆಯೇ ಎಂದು ನೋಡಿ.

ರಿಜಿಸ್ಟ್ರಿಯ ಎನಮ್ ಭಾಗವನ್ನು ಕೈಯಿಂದ ಅಳಿಸಲು ಹೋಗಬೇಡಿ. ಕೀಲಿಗಳೆಂದು ಕರೆಯುವ ಅಲ್ಲಿನ ದಾಖಲೆಗಳ ಮೇಲಿನ ಪೂರ್ಣ ಅಧಿಕಾರವನ್ನು ವಿಂಡೋಸ್ ತನ್ನಲ್ಲೇ ಇಟ್ಟುಕೊಂಡಿರುವುದಕ್ಕೆ ಕಾರಣವಿದೆ: ಅಲ್ಲಿ ತಪ್ಪು ಕೀಲಿಯೊಂದು ಅಳಿದರೆ ಕಂಪ್ಯೂಟರ್ ಆರಂಭವಾಗದೆ ಹೋಗಬಹುದು. ಡಿವೈಸ್ ಕ್ಲೀನಪ್ ಟೂಲ್, ಯುಎಸ್‌ಬಿಡಿವ್ಯೂ ಎಂಬ ಚಿಕ್ಕ ತಂತ್ರಾಂಶಗಳು ಬಹುಕಾಲದಿಂದ ಬಳಕೆಯಲ್ಲಿವೆ, ಮೊದಲನೆಯದು ಯಾವ ಸಾಧನವನ್ನು ಕೊನೆಯದಾಗಿ ಯಾವಾಗ ಬಳಸಿದಿರಿ ಎಂಬುದನ್ನೂ ತೋರಿಸುತ್ತದೆ. ಆದರೆ ನಾಲ್ಕೈದು ದಾಖಲೆಗಳಿಗಾಗಿ ಅವುಗಳ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನು ಮುಂದೆ ಕೇಬಲ್ಲಿಗೆ ಒಂದೇ ಸಾಕೆಟ್ಟನ್ನು ಮೀಸಲಿಡಿ, ಅದರ ಮೇಲೆ ತೂಕ ಎಂದು ಬರೆದ ಚೀಟಿಯೊಂದನ್ನು ಅಂಟಿಸಿ, ಕಸ ಗುಡಿಸುವಾಗ ಕಿತ್ತರೂ ಅಲ್ಲಿಗೇ ಮರಳಿ ಚುಚ್ಚುವಂತೆ ಅಂಗಡಿಯ ಹುಡುಗರಿಗೆ ತಿಳಿಸಿ. ಸುಗ್ಗಿಯಲ್ಲಿ ಎರಡನೆಯ ತೂಕದ ಯಂತ್ರ ಇಡುವ ಯೋಚನೆ ಇದ್ದರೆ ಎಫ್‌ಟಿಡಿಐ ಚಿಪ್ಪಿರುವ ಕೇಬಲ್ ಕೇಳಿ ತೆಗೆದುಕೊಳ್ಳಿ. ಬೆಲೆ ಹೆಚ್ಚು, ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಸೀರಿಯಲ್ ಸಂಖ್ಯೆ ಇರುವುದರಿಂದ ಎರಡು ಕೇಬಲ್‌ಗಳು ಸಾಕೆಟ್ ಅದಲುಬದಲಾದರೂ ತಮ್ಮ ತಮ್ಮ ಕಾಮ್ ಸಂಖ್ಯೆಯಲ್ಲೇ ಉಳಿಯುತ್ತವೆ.