‘ವಿಪ್ ಕಳ್ಕೊಂಡ’ ಸಂಸದ, ಯೂನಿಯನಿಸ್ಟ್, ರಿಮೇನರ್: ಬ್ರೆಕ್ಸಿಟ್ ಪದಗಳಿಗೆ ಕನ್ನಡದಲ್ಲಿ ಏನಂತೀರಿ?

ಎಲ್ರಿಗೂ ನಮಸ್ಕಾರ,

ಬ್ರೆಕ್ಸಿಟ್ (2016ರ ಜನಮತಗಣನೆ ಆದ್ಮೇಲೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟು ಹೊರಬಂದಿದ್ದು) ಹೊತ್ತಲ್ಲಿ ಬ್ರಿಟನ್ನಿನ ಪಕ್ಷಗಳು ಒಳಗೊಳಗೇ ಹೇಗೆ ಒಡೆದ್ವು ಅನ್ನೋದರ ಬಗ್ಗೆ ಕನ್ನಡದಲ್ಲಿ ಒಂದು ಉದ್ದದ ಲೇಖನ ಬರೀತಿದೀನಿ. ವಿಷಯ ತಲೇಲಿ ಇದೆ, ಪದಗಳೇ ಕೈ ಕೊಡ್ತಿವೆ. ನಿಘಂಟಿನ ಅರ್ಥ ಬೇಡ, ಅದು ನನ್ ಹತ್ರಾನೂ ಇದೆ. ದಿನಾ ಪೇಪರ್ ಓದೋರಿಗೆ, ಟೀವಿ ನ್ಯೂಸ್ ನೋಡೋರಿಗೆ ಆ ಪದ ಕಣ್ಣಿಗೆ ಬಿದ್ದ ತಕ್ಷಣ ಏನು ಹೊಳೆಯತ್ತೆ ಅನ್ನೋದು ಬೇಕು.

ಮೊದಲು ವಿಪ್. ‘ವಿಪ್ ಜಾರಿ’, ‘ವಿಪ್ ಉಲ್ಲಂಘನೆ’ ನಮಗೆ ಹೊಸದಲ್ಲ, ‘ಮುಖ್ಯ ಸಚೇತಕ’ ಅನ್ನೋ ಸಂಸ್ಕೃತದ ಹುದ್ದೇನೂ ಇದೆ. (ಇಂಗ್ಲಿಷಿನ ಪದ ಹುಟ್ಟಿದ್ದು ಬೇಟೆ ನಾಯಿಗಳು ಗುಂಪು ಬಿಟ್ಟು ಚದುರದ ಹಾಗೆ ಚಾಟಿ ಹಿಡಿದು ಓಡಿಸ್ಕೊಂಡು ಬರೋ ಆಳಿಂದ. ನಮ್ಮೋರು ಅದನ್ನ ‘ಎಚ್ಚರಿಸುವವನು’ ಮಾಡಿ ಮರ್ಯಾದೆ ಕೊಟ್ಟಿದಾರೆ ಪಾಪ.) ಹಂಗಾಗಿ ಕನ್ನಡದಲ್ಲಿ ವಿಪ್ ಅಂದ್ರೆ ಒಂದು ಪಕ್ಷದ ಆದೇಶ, ಇಲ್ಲಾ ಆದೇಶ ಹೊರಡಿಸೋ ವ್ಯಕ್ತಿ. ಬ್ರಿಟನ್ನಲ್ಲಿ ಮೂರನೇ ಅರ್ಥ ಒಂದಿದೆ, ಪಾರ್ಲಿಮೆಂಟಿನೊಳಗೆ ಆ ಪಕ್ಷದವನಾಗಿ ಇರೋದು.

2019ರ ಸೆಪ್ಟೆಂಬರ್ 3ರಂದು, ಒಪ್ಪಂದ ಇಲ್ಲದೇ ಯೂರೋಪಿನ ಒಕ್ಕೂಟದಿಂದ ಹೊರಬೀಳೋದನ್ನ ತಡೆಯೋ ಮಸೂದೆಗೆ ದಾರಿ ಮಾಡಬೇಕು ಅಂತ ಸದನದ ಕಲಾಪವನ್ನ ಸರ್ಕಾರದ ಕೈಯಿಂದ ಕಿತ್ಕೊಳ್ಳೋ ನಿರ್ಣಯ ಬಂತು, 328–301ರಲ್ಲಿ ಪಾಸೂ ಆಯ್ತು. ಅದರ ಪರ ವೋಟು ಹಾಕಿದ 21 ಜನ ಕನ್ಸರ್ವೇಟಿವ್ ಸಂಸದರು ‘ವಿಪ್ ಕಳ್ಕೊಂಡ್ರು’. 1970ರಿಂದ ಸಂಸದರಾಗಿದ್ದ ಕೆನೆತ್ ಕ್ಲಾರ್ಕ್, ಆ ಜುಲೈವರೆಗೂ ಹಣಕಾಸು ಮಂತ್ರಿಯಾಗಿದ್ದ ಫಿಲಿಪ್ ಹ್ಯಾಮಂಡ್, ಚರ್ಚಿಲ್ ಮೊಮ್ಮಗ ನಿಕೊಲಸ್ ಸೋಮ್ಸ್ ಎಲ್ಲಾ ಆ ಪಟ್ಟೀಲಿದ್ರು. ಈಗ ಇದನ್ನ ‘ವಿಪ್ ಹಿಂಪಡೆಯಲಾಯಿತು’ ಅಂತ ಬರೆದ್ರೆ ನಮ್ಮೋರು ಏನಂದ್ಕೊಳ್ತಾರೆ? ಆದೇಶ ವಾಪಸ್ ಆಯ್ತು, ಇನ್ನು ಇಷ್ಟ ಬಂದಂಗೆ ವೋಟು ಹಾಕಬಹುದು ಅಂತ. ಪೂರಾ ಉಲ್ಟಾ.

‘ಉಚ್ಚಾಟನೆ’ ಅನ್ನೋಣ ಅಂದ್ರೆ ಅದು ಒಂದು ಹೆಜ್ಜೆ ಜಾಸ್ತಿ ಆಗತ್ತೆ, ಯಾಕಂದ್ರೆ ವಿಪ್ ಹೋದರೂ ಹೊರಗಿನ ಪಕ್ಷದ ಸದಸ್ಯತ್ವ ಅದರ ಜೊತೆಗೇ ಹೋಗಲ್ಲ. ‘ಅನರ್ಹ’ ಅಂತೂ ಆಗೋದೇ ಇಲ್ಲ, ಆದ್ರೆ ನಮ್ಮ ಓದುಗರ ಮನಸ್ಸು ಸೀದಾ ಅಲ್ಲಿಗೇ ಓಡೋದು, ಯಾಕಂದ್ರೆ ಅದೇ ವರ್ಷ ಜುಲೈನಲ್ಲಿ ಬೆಂಗಳೂರಲ್ಲಿ ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿತ್ತು, ಸ್ಪೀಕರ್ 17 ಶಾಸಕರನ್ನ ಅನರ್ಹ ಮಾಡಿದ್ರು, ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು, ಡಿಸೆಂಬರ್‌ನಲ್ಲಿ ಉಪಚುನಾವಣೆ ನಡೀತು. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ವಿಪ್ ಮುರಿದ್ರೆ ಸೀಟಿಗೇ ಕುತ್ತು. ಬ್ರಿಟನ್ನಲ್ಲಿ ಅಂಥ ಕಾಯ್ದೆ ಇಲ್ಲ, ಪಕ್ಷ ಹೊರಗೆ ಹಾಕಿದ್ರೂ ಮಾರನೇ ದಿನ ಅದೇ ಸದನದಲ್ಲಿ ಸ್ವತಂತ್ರ ಸದಸ್ಯನಾಗಿ ಕೂರಬಹುದು. ನಾನು ಸದ್ಯಕ್ಕೆ ‘ಸಂಸದೀಯ ಪಕ್ಷದಿಂದ ಹೊರಗೆ ಹಾಕಿದರು’ ಅಂತ ಬಿಡಿಸಿ ಬರೆದಿದೀನಿ, ಅಕ್ಟೋಬರ್ 29ಕ್ಕೆ ಆ 21ರಲ್ಲಿ 10 ಜನಕ್ಕೆ ವಿಪ್ ವಾಪಸ್ ಸಿಕ್ಕಿದ್ದಕ್ಕೆ ‘ಮತ್ತೆ ಸೇರಿಸಿಕೊಂಡರು’ ಅಂತ. ಉದ್ದ ಆಯ್ತು ನಿಜ, ತಪ್ಪಂತೂ ಅಲ್ಲ. ಇದಕ್ಕಿಂತ ಚಿಕ್ಕದು ಯಾರಿಗಾದ್ರೂ ಹೊಳೆದ್ರೆ ಹೇಳಿ.

ಎರಡನೇದು ನಿಜವಾದ ತಲೆನೋವು. ಈ 21 ಜನರನ್ನ ಏನಂತ ಕರೆಯೋದು?

‘ಬಂಡಾಯ ಸಂಸದರು’ ಅಂತ ಬರೆದೆ. ಆಮೇಲೆ ನಮ್ಮ ಚುನಾವಣಾ ವರದಿಗಳಲ್ಲಿ ಬಂಡಾಯ ಯಾರ ಹೆಸರಿಗೆ ಅಂಟ್ಕೊಂಡಿದೆ ಅಂತ ಯೋಚನೆ ಮಾಡಿದೆ. ‘ಬಂಡಾಯ ಅಭ್ಯರ್ಥಿ’ ಅಂದ್ರೆ ಟಿಕೆಟ್ ಸಿಗದೇ ಪಕ್ಷೇತರನಾಗಿ ನಾಮಪತ್ರ ಹಾಕಿದವನು, ‘ಬಂಡಾಯ ಶಮನ’ ಅಂದ್ರೆ ಅವನ ಮನೆಗೆ ಹೋಗಿ ನಿಗಮ ಮಂಡಳಿ ಆಸೆ ತೋರಿಸಿ ನಾಮಪತ್ರ ವಾಪಸ್ ತೆಗೆಸೋದು. ‘ಅತೃಪ್ತ’ ಇನ್ನೂ ಸ್ಪಷ್ಟ, ಮಂತ್ರಿಗಿರಿ ಸಿಕ್ಕಿಲ್ಲ ಅಂತ ಮುನಿಸ್ಕೊಂಡಿದಾನೆ ಅಂತಲೇ ಅರ್ಥ. ‘ಭಿನ್ನಮತ’ ಅನ್ನೋ ಪದದ ಒಳಗೆ ಬೇರೆ ಅಭಿಪ್ರಾಯ ಅನ್ನೋದು ಕಣ್ಣಿಗೆ ಕಾಣೋ ಹಾಗೇ ಇದೆ, ಆದ್ರೆ ‘ಭಿನ್ನಮತೀಯ ಚಟುವಟಿಕೆ’ ಅಂದ ಕೂಡಲೇ ನಮಗೆ ನೆನಪಾಗೋದು ಮುಖ್ಯಮಂತ್ರಿ ಬದಲಾವಣೆ ಮತ್ತೆ ದೆಹಲಿ ಯಾತ್ರೆ. ಒಟ್ಟು ನಮ್ಮ ರಾಜಕೀಯದ ಪದಗಳಿಗೆಲ್ಲ ಕುರ್ಚಿಯ ವಾಸನೆ ಇದೆ. ಒಂದು ನೀತಿ ಒಪ್ಪಿಗೆ ಆಗಲಿಲ್ಲ ಅಂತ ಪಕ್ಷದ ಆಜ್ಞೆ ಮೀರಿ ವೋಟು ಹಾಕಿದವನಿಗೆ, ಆ ಮೇಲೂ ನಾನು ಇದೇ ಪಕ್ಷದವನು ಅನ್ನೋನಿಗೆ, ರಾಜಕೀಯ ವರದಿಗಳ ಕನ್ನಡದಲ್ಲಿ ಚಾಲ್ತಿಯಲ್ಲಿರೋ ಪದ ಯಾವುದು?

ಅಲ್ಲಿ ಕುರ್ಚಿ ಲೆಕ್ಕ ಇರಲೇ ಇಲ್ಲ ಅಂತಲ್ಲ. ಆಗಿನ ಪ್ರಧಾನಿ ತೆರೇಸಾ ಮೇ ತಂದ, ಒಕ್ಕೂಟದಿಂದ ಹೊರಹೋಗೋ ಒಪ್ಪಂದದ ವಿರುದ್ಧ 2019ರ ಜನವರಿ 15ಕ್ಕೆ ಅವರದೇ ಪಕ್ಷದ 118 ಜನ ವೋಟು ಹಾಕಿದ್ರು, 432–202ರಲ್ಲಿ ಸರ್ಕಾರ ಸೋಲ್ತು. ಮಾರ್ಚ್ 12ಕ್ಕೆ ಮತ್ತೆ ಸೋಲು. ಆ ಎರಡು ಸಲಾನೂ ಪಕ್ಷದ ಮಾತು ಮೀರಿ ವಿರುದ್ಧ ವೋಟು ಹಾಕಿದವರಲ್ಲಿ ಬೋರಿಸ್ ಜಾನ್ಸನ್ ಒಬ್ಬರು, ಸೆಪ್ಟೆಂಬರ್‌ನಲ್ಲಿ ಪ್ರಧಾನಿಯಾಗಿ 21 ಜನರನ್ನ ಹೊರಗೆ ಹಾಕಿದವರೂ ಅವರೇ. ಆದ್ರೆ ಕೆನೆತ್ ಕ್ಲಾರ್ಕ್ ಕಥೆ ನೋಡಿ, 2017ರ ಫೆಬ್ರವರಿ 1ಕ್ಕೆ ಹೊರಹೋಗೋ ಪ್ರಕ್ರಿಯೆ ಶುರುಮಾಡೋ ಮಸೂದೆ 498–114ರಲ್ಲಿ ಗೆದ್ದಾಗ ಇಡೀ ಕನ್ಸರ್ವೇಟಿವ್ ಪಕ್ಷದಿಂದ ವಿರುದ್ಧ ನಿಂತಿದ್ದು ಅವರೊಬ್ಬರೇ. ಅವತ್ತೇ ಲೇಬರ್ ಪಕ್ಷದ 47 ಜನ ತಮ್ಮ ನಾಯಕ ಜೆರೆಮಿ ಕಾರ್ಬಿನ್ ಹೊರಡಿಸಿದ ವಿಪ್ ಮುರಿದ್ರು. ಇವರಿಗೆಲ್ಲ ‘ಅತೃಪ್ತ’ ಅಂದ್ರೆ ಅಪಚಾರ. ‘ವಿಪ್ ಮೀರಿದವರು’ ಅಂತ ಹಾಕಬಹುದು, ಆದ್ರೆ ಅದು ಏನು ಮಾಡಿದ್ರು ಅಂತ ಹೇಳತ್ತೆ, ಎಂಥವರು ಅಂತ ಹೇಳಲ್ಲ. ‘ಭಿನ್ನಮತ’ವನ್ನೇ ತೊಳೆದು ಮತ್ತೆ ಬಳಸೋಣ ಅನ್ನೋದು ನನ್ನ ಒಲವು, ಲೇಖನದ ಶುರುವಲ್ಲೇ ಒಂದು ಸಾಲಿನ ವಿವರಣೆ ಕೊಟ್ಟು. ನಿಮಗೇನನ್ನಿಸತ್ತೆ?

ಇಲ್ಲೇ ಇನ್ನೊಂದು ಚಿಕ್ಕ ಎಡವಟ್ಟು. ಪಕ್ಷ ಬಿಟ್ಟು ಬಂದವರನ್ನ ನಮ್ಮ ಪೇಪರ್‌ನೋರು ‘ವಲಸಿಗರು’ ಅಂತಾರೆ, ‘ಮೂಲ–ವಲಸಿಗ ಜಗಳ’ ಅಂತೆಲ್ಲ. ಬ್ರೆಕ್ಸಿಟ್ ಲೇಖನದಲ್ಲಿ ವಲಸಿಗರು ಅಂದ್ರೆ ಪೋಲೆಂಡ್, ರೊಮೇನಿಯಾದಿಂದ ಕೆಲಸಕ್ಕೆ ಬಂದವರು, ಇಡೀ ಗಲಾಟೆಗೆ ಅದೇ ಒಂದು ದೊಡ್ಡ ಕಾರಣ. ‘ವಲಸಿಗ ಸಂಸದ’ ಅಂತ ಬರೆದ್ರೆ ಮುಗೀತು ಕಥೆ. ಫಿಲಿಪ್ ಲೀ ಅನ್ನೋ ಸಂಸದ ಅದೇ ಸೆಪ್ಟೆಂಬರ್ 3ಕ್ಕೆ ಪ್ರಧಾನಿ ಮಾತಾಡ್ತಿರೋವಾಗಲೇ ಎದ್ದು ಆ ಕಡೆ ಬೆಂಚಿಗೆ ನಡ್ಕೊಂಡು ಹೋಗಿ ಲಿಬರಲ್ ಡೆಮಾಕ್ರಾಟ್‌ಗಳ ಜೊತೆ ಕೂತರು, ರಾಜೀನಾಮೆ ಇಲ್ಲ, ರೆಸಾರ್ಟ್ ಇಲ್ಲ. ಅದಕ್ಕೆ ‘ಪಕ್ಷಾಂತರ’ ಸಾಕು, ಅದರಲ್ಲಿ ಗೊಂದಲ ಇಲ್ಲ.

ಮೂರನೇದು ಒಕ್ಕೂಟ. ಯೂರೋಪಿಯನ್ ಯೂನಿಯನ್‌ಗೆ ‘ಐರೋಪ್ಯ ಒಕ್ಕೂಟ’ ಅಂತ ಕನ್ನಡದಲ್ಲಿ ನೆಲೆ ನಿಂತಿದೆ, ಹಾಲಿನ ಒಕ್ಕೂಟದಿಂದ ಒಕ್ಕೂಟ ಸರ್ಕಾರದವರೆಗೂ ಅದೇ ಪದ, ಚೆನ್ನಾಗೇ ಇದೆ. ತೊಂದರೆ ಎಲ್ಲಿ ಅಂದ್ರೆ ಯುನೈಟೆಡ್ ಕಿಂಗ್‌ಡಮ್ಮೂ ಒಂದು ಒಕ್ಕೂಟವೇ. 1707ರಲ್ಲಿ ಇಂಗ್ಲೆಂಡ್–ಸ್ಕಾಟ್ಲೆಂಡ್ ಸೇರಿದ್ದು, 1801ರಲ್ಲಿ ಐರ್ಲೆಂಡನ್ನ ಸೇರಿಸಿದ್ದು. ಉತ್ತರ ಐರ್ಲೆಂಡಲ್ಲಿ ಯೂನಿಯನಿಸ್ಟ್ ಅಂದ್ರೆ ಬ್ರಿಟನ್ ಜೊತೆಗಿನ ಕೂಟ ಉಳೀಬೇಕು ಅನ್ನೋರು. ಅವರ ದೊಡ್ಡ ಪಕ್ಷ ಡಿಯುಪಿ 2016ರಲ್ಲಿ ಐರೋಪ್ಯ ಒಕ್ಕೂಟ ಬಿಡಬೇಕು ಅಂತು. ಐರ್ಲೆಂಡ್ ಪೂರ್ತಿ ಒಂದಾಗಬೇಕು ಅನ್ನೋ ಶಿನ್ ಫೇನ್ ಪಕ್ಷದ್ದು ಉಲ್ಟಾ, ಬ್ರಿಟನ್ ಬೇಡ, ಯೂರೋಪ್ ಬೇಕು. ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕು ಅನ್ನೋ ಪಕ್ಷ ಎಸ್‌ಎನ್‌ಪೀದೂ ಹಾಗೇ. ಈಗ ‘ಒಕ್ಕೂಟವಾದಿ ಡಿಯುಪಿ ಒಕ್ಕೂಟ ತೊರೆಯುವುದರ ಪರ ನಿಂತಿತು’ ಅಂತ ಬರೆದ್ರೆ ಓದೋರು ಪ್ರಿಂಟ್ ಮಿಸ್ಟೇಕ್ ಅಂದ್ಕೊಳ್ತಾರೆ. ಮೇಲಿಂದ ಕನ್ಸರ್ವೇಟಿವ್ ಪಕ್ಷದ ಪೂರ್ತಿ ಹೆಸರಲ್ಲೂ ‘ಯೂನಿಯನಿಸ್ಟ್’ ಇದೆ.

ಇದು ಬರೀ ಪದದ ಆಟ ಅಲ್ಲ, ಆ ಎರಡು ಕೂಟಗಳ ನಡುವೆನೇ ಜನ ಒಡೆದಿದ್ದು. ಸ್ಕಾಟ್ಲೆಂಡಲ್ಲಿ 2014ರಲ್ಲಿ ಶೇ 55 ಜನ ಬ್ರಿಟನ್ ಬಿಡಲ್ಲ ಅಂದ್ರು, ಎರಡೇ ವರ್ಷಕ್ಕೆ ಶೇ 62 ಜನ ಯೂರೋಪನ್ನೂ ಬಿಡಲ್ಲ ಅಂದ್ರು. ಎಸ್‌ಎನ್‌ಪಿ ಎಷ್ಟೇ ಯೂರೋಪ್ ಪರ ಅಂದ್ರೂ ಅದಕ್ಕೆ ವೋಟು ಹಾಕ್ತಿದ್ದವರಲ್ಲೇ ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲು ಲೀವ್ ಅಂತು, ಲಂಡನ್ನೂ ಬೇಡ ಬ್ರಸೆಲ್ಸೂ ಬೇಡ ಅನ್ನೋರು ಅವರು. ಹಂಗಾಗಿ ಒಂದಕ್ಕೆ ‘ಒಕ್ಕೂಟ’, ಇನ್ನೊಂದಕ್ಕೆ ಬೇರೆ ಪದ ಬೇಕೇ ಬೇಕು. ‘ಬ್ರಿಟನ್–ಕೂಡಿಕೆ’ ಅಂತ ಒಂದು ಸಲ ಬರೆದು ನಾನೇ ಹೊಡೆದು ಹಾಕಿದೆ, ಕೂಡಿಕೆ ಅಂದ್ರೆ ನಮ್ ಕಡೆ ಬೇರೇನೇ ಅರ್ಥ, ಗೊತ್ತಿರೋರಿಗೆ ಗೊತ್ತು.

ನಾಲ್ಕನೇದು ಲೀವರ್ (ಐರೋಪ್ಯ ಒಕ್ಕೂಟ ಬಿಡಬೇಕು ಅನ್ನೋರು), ರಿಮೇನರ್ (ಅದರಲ್ಲೇ ಉಳೀಬೇಕು ಅನ್ನೋರು). ‘ನಿರ್ಗಮನವಾದಿ’ ಅಂದ್ರೆ ಯಾವುದೋ ತತ್ವಶಾಸ್ತ್ರದ ಪಂಥ ಅನ್ನಿಸತ್ತೆ. ‘ಪರ–ವಿರೋಧಿ’ ಅನ್ನೋಣ ಅಂದ್ರೆ ಯಾವುದರ ಪರ ಅಂತ ಪ್ರತಿ ಸಲಾನೂ ಹೇಳ್ಬೇಕು. ಮಜಾ ಅಂದ್ರೆ ಅಲ್ಲೂ ಈ ಗೊಂದಲ ಇತ್ತು. ಆಗಿನ ಯೂರೋಪಿನ ಕೂಟದಲ್ಲಿ ಉಳೀಬೇಕಾ ಅನ್ನೋ 1975ರ ಜನಮತಗಣನೇಲಿ ಯೆಸ್–ನೋ ಅಂತ ಇತ್ತು, ಶೇ 67 ಜನ ಯೆಸ್ ಅಂದಿದ್ರು. 2016ಕ್ಕೂ ಮೊದಲು ಯೆಸ್–ನೋ ಅಂತಲೇ ಯೋಚಿಸಿದ್ರು, ಚುನಾವಣಾ ಆಯೋಗ ಆ ಪ್ರಶ್ನೆ ಒಂದು ಕಡೆಗೆ ವಾಲತ್ತೆ ಅಂದಿದ್ದಕ್ಕೆ ರಿಮೇನ್–ಲೀವ್ ಆಯ್ತು. ಅದರಿಂದಾನೇ ಈ ಎರಡು ಕ್ರಿಯಾಪದ ಜನರ ಗುರುತೇ ಆಗಿಹೋಗಿದ್ದು. ಆಮೇಲಿನ ಸರ್ವೆಗಳಲ್ಲಿ ನಾನು ಕಟ್ಟಾ ಲೀವರ್, ಕಟ್ಟಾ ರಿಮೇನರ್ ಅನ್ನೋರು, ನಾನು ಇಂಥ ಪಕ್ಷದ ಕಟ್ಟಾ ಬೆಂಬಲಿಗ ಅನ್ನೋರಿಗಿಂತ ಎಷ್ಟೋ ಜಾಸ್ತಿ ಇದ್ರು.

ನಮ್ಮಲ್ಲಿ ಕೂಡು ಕುಟುಂಬ ಒಡೆದಾಗ ‘ಅವರು ಬೇರೆ ಹೋದ್ರು’ ಅಂತೀವಲ್ಲ, ಅದರಲ್ಲಿ ಪಾಲು, ಲೆಕ್ಕಾಚಾರ, ಮುನಿಸು, ಆಮೇಲೂ ಅಕ್ಕಪಕ್ಕದಲ್ಲೇ ಇರಬೇಕಾದ ಮುಜುಗರ ಎಲ್ಲಾ ಇದೆ. ಅದಕ್ಕೇ ‘ಬೇರೆಹೋಗುವವರು’ ಮತ್ತು ‘ಕೂಡಿಯೇ ಇರುವವರು’ ಅಂತ ಬರೆದು ನೋಡಿದೆ. ಓದಕ್ಕೆ ಹಿತವಾಗಿದೆ, ಹೆಡ್‌ಲೈನಿಗೆ ಹೊಂದಲ್ಲ. ‘ಬಿಡೋರು–ಉಳಿಯೋರು’ ಚಿಕ್ಕದು, ಆದ್ರೆ ‘ಬಿಟ್ಟೋರು’ ಅಂದ್ರೆ ಗಂಡ ಬಿಟ್ಟೋಳು, ಹೆಂಡ್ತಿ ಬಿಟ್ಟೋನು ನೆನಪಾಗತ್ತೆ. ಬಿಟ್ಟು ಹೋಗೋವಾಗ ಬ್ರಿಟನ್ ಕಟ್ಟಬೇಕಾದ ಬಾಕಿಗೆ ಅಲ್ಲಿಯೋರೂ ‘ಡಿವೋರ್ಸ್ ಬಿಲ್’ ಅಂತಾನೇ ಅಂದ್ರು, ಹಂಗಾಗಿ ತೀರಾ ದೂರ ಅಲ್ಲ ಬಿಡಿ.

ಹೀಯಾಳಿಸೋ ಪದಗಳಿಗೆ ಮಾತ್ರ ಕನ್ನಡದ ಹತ್ರ ಒಳ್ಳೇ ಸಾಮಾನಿದೆ. ಬ್ರೆಕ್ಸಿಟರ್ ಅಂದ್ರೆ ಸಾದಾ, ಬ್ರೆಕ್ಸಿಟೀರ್ ಅಂದ್ರೆ ಮಸ್ಕಟೀರ್ ಥರ ಕತ್ತಿ ಹಿಡಿದ ಸಾಹಸಿ. ನಮ್ಮಲ್ಲಿ ಬ್ರೆಕ್ಸಿಟ್‌ಗಾರ, ಬ್ರೆಕ್ಸಿಟ್ ವೀರ, ಆಗದೋರ ಬಾಯಲ್ಲಿ ಬ್ರೆಕ್ಸಿಟ್‌ಕೋರ, ಲಂಚಕೋರನ ಪಕ್ಕದ ಮನೆಯೋನು. ರಿಮೋನರ್ ಅಂದ್ರೆ ಸೋತ ಮೇಲೂ ಗೊಣಗ್ತಾ ಕೂತ ರಿಮೇನರ್, ಅದಕ್ಕೆ ‘ಗೊಣಗಪ್ಪ’ ಸಾಕು ಅಂತ ನನ್ನ ಅಭಿಪ್ರಾಯ.

ಹಾಂ, ‘ಬ್ರಿಟನ್ ಪ್ರಜೆಗಳು ತೀರ್ಪು ಕೊಟ್ಟರು’ ಅಂತ ದಯವಿಟ್ಟು ಯಾರೂ ತಿದ್ದಬೇಡಿ. ಕಾಮನ್‌ವೆಲ್ತ್ ದೇಶದ ಪ್ರಜೆಗಳು ಅಲ್ಲಿ ವಾಸ ಇದ್ರೆ ವೋಟು ಇತ್ತು, ಅಂದ್ರೆ ವೀಸಾ ಮೇಲೆ ಹೋಗಿ ಮತದಾರರ ಪಟ್ಟೀಲಿ ಹೆಸರು ಸೇರಿಸಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೂ ವೋಟು ಹಾಕಬಹುದಿತ್ತು, ಇಪ್ಪತ್ತು ವರ್ಷದಿಂದ ಅಲ್ಲೇ ಇರೋ ಫ್ರಾನ್ಸ್ ಪ್ರಜೆಗೆ ಇರಲಿಲ್ಲ. ‘ಮತದಾರರು’ ಅಂತಲೇ ಇರಲಿ.

ಇನ್ನೊಂದು, ಇದಕ್ಕೆ ಉತ್ತರ ಸಿಕ್ಕಿದೆ ಅನ್ಕೋತೀನಿ, ಸುಮ್ಮನೆ ಪರೀಕ್ಷೆಗೆ ಇಡ್ತಿದೀನಿ. 2019ರ ಡಿಸೆಂಬರ್ ಚುನಾವಣೇಲಿ ಕನ್ಸರ್ವೇಟಿವ್‌ಗೆ 365 ಸೀಟು ಬಂತು. ಲೇಬರ್‌ನ ಮಾಜಿ ಪ್ರಧಾನಿ ಟೋನಿ ಬ್ಲೇರ್ ಇದ್ದ ಸೆಜ್‌ಫೀಲ್ಡ್, ಡೆನಿಸ್ ಸ್ಕಿನ್ನರ್ 1970ರಿಂದ ಗೆಲ್ತಾ ಬಂದಿದ್ದ ಬೋಲ್ಸೋವರ್ ಥರದ ಲೇಬರ್ ಭದ್ರಕೋಟೆಗಳೇ ಬಿದ್ವು, ಅಪ್ಪ ಅಜ್ಜನ ಕಾಲದಿಂದ ಲೇಬರ್ ಆಗಿದ್ದ ಮನೆಗಳು ಬ್ರೆಕ್ಸಿಟ್‌ಗೋಸ್ಕರ ಒಂದು ಸಲ ಆ ಕಡೆ ವೋಟು ಹಾಕಿದ್ವು. ನೀವು ನಮಗೆ ವೋಟನ್ನ ಸಾಲವಾಗಿ ಕೊಟ್ಟಿರಬಹುದು ಅನ್ನೋ ಅರ್ಥದ ಮಾತು ಗೆದ್ದ ಮೇಲೆ ಜಾನ್ಸನ್ನೇ ಆಡಿದ್ರು. ‘ಸಾಲದ ಮತ’ ಅಂದ್ರೆ ಬಡ್ಡಿ, ಬ್ಯಾಂಕು ಬರತ್ತೆ. ‘ಕೈಗಡ’ ಸರಿಯಾಗಿ ಕೂರತ್ತೆ: ಬಡ್ಡಿ ಇಲ್ಲ, ಪತ್ರ ಇಲ್ಲ, ಗುರುತಿನೋರು ಅಂತ ಕೊಟ್ಟಿದ್ದು, ಬೇಕಾದಾಗ ವಾಪಸ್ ಕೇಳಬಹುದು. ‘ಕೈಗಡದ ವೋಟು’. ಒಂದೇ ಭಯ, ನಮ್ಮ ಹೆಡ್‌ಲೈನ್‌ಗಳಲ್ಲಿ ‘ಕೈ’ ಅಂದ್ರೆ ಕಾಂಗ್ರೆಸ್ಸು.

ಉಳಿದಿದ್ದಕ್ಕೆಲ್ಲ ನಿಧಾನಕ್ಕೆ ಬರೀರಿ, ಯೂನಿಯನಿಸ್ಟ್‌ಗೆ ಮಾತ್ರ ಬೇಗ ಏನಾದ್ರೂ ಹೇಳಿ, ಉತ್ತರ ಐರ್ಲೆಂಡಿನ ಭಾಗ ಅದಿಲ್ದೇ ಒಂದು ಸಾಲೂ ಮುಂದೆ ಹೋಗ್ತಿಲ್ಲ.